ಕಳೆಯುವ ಲೆಕ್ಕ

ಕಾವ್‌ಶಿಯುಂಗ್ ಬಂದರು, ೧೯೭೩

ಹಗ್ಗ ಕಟ್ಟಿ ಎಳೆದು ತಂದರು ಹಾಲ್‌ಬ್ರುಕ್ ಹಡಗನ್ನು,
ಸಂತೆಯಲ್ಲಿ ಕೊಂಡ ಮುದಿ ಎಮ್ಮೆಯನ್ನು ತರುವ ಹಾಗೆ.
ಕೊರಳಲ್ಲಿ ಗಂಟೆಯಿಲ್ಲ,
ಮೊದಲೇ ಯಾರೋ ಬಿಚ್ಚಿಕೊಂಡಿದ್ದಾರೆ.

ನನ್ನ ಕೆಲಸ ಬಣ್ಣ ಕೆರೆಯುವುದು.
ಗ್ಯಾಸಿನ ಜ್ವಾಲೆ ಓಡಬೇಕಾದ ಗೆರೆಯುದ್ದಕ್ಕೂ
ಅಂಗೈಯಗಲ ಕಬ್ಬಿಣ ಬೆತ್ತಲಾಗಬೇಕು;
ಇಲ್ಲವಾದರೆ ಹೊಗೆ ಕುಡಿದು ಇರುಳೆಲ್ಲ ಕೆಮ್ಮುತ್ತಾನೆ
ಕತ್ತರಿಸುವ ಬೋಕ್-ಹಾಯ್.

ಮೇಲೆ ಬೂದಿ. ಅದರಡಿ ಮತ್ತೊಂದು ಬೂದಿ,
ಯಾವುದೋ ನದಿಯಲ್ಲಿ ಸುಮ್ಮನೆ ಕಟ್ಟಿಹಾಕಿದ ವರ್ಷಗಳು.
ಅದರಡಿ ಕೊರಿಯಾ. ಅದರಡಿ ಹಸಿರು ಮಚ್ಚೆ:
ಇಷ್ಟು ದೊಡ್ಡ ಒಡಲನ್ನು
ಎಲೆಯೆಂದು ನಂಬಿಸಲು ಹೊರಟಿದ್ದರು!
ಕೊನೆಗೆ ಸೀಸದ ಕೆಂಪು, ಮದುವೆ ಲಕೋಟೆಯ ಕೆಂಪು;
ಅಲ್ಲಿ ಅಂಟಿಕೊಂಡೇ ಇದೆ ಕುಂಚದ ಒಂದು ಕೂದಲು.

ಮಾರಾಟದ ಪತ್ರಗಳ ಜತೆ ಒಂದು ಹಾಳೆ ಬಂದಿತ್ತು.
ಊಟದ ಹೊತ್ತಿಗೆ ಗುಮಾಸ್ತ ಖೋರ್ ಓದಿ ಹೇಳಿದ:
ಅಕ್ಟೋಬರ್, ಲೇತೆ ಕೊಲ್ಲಿ, ಸಾವಿರದೈನೂರು ಜನ, ಇಳಿಸಿದೆ.
ಏಪ್ರಿಲ್, ಒಕಿನಾವಾ, ಸಾವಿರದ ನಾನೂರು, ಇಳಿಸಿದೆ.
ಡಿಸೆಂಬರ್, ಮನೆಯ ಕಡೆಗೆ, ಸಾವಿರದ ಒಂಬೈನೂರು.
ಹೋದವರಲ್ಲಿ ಬಂದವರನ್ನು ಕಳೆದರೆ ಎಷ್ಟು ಉಳಿಯುತ್ತೆ, ಕೇಳಿದೆ.
‘ಅಕ್ಕಾ, ಇದರಲ್ಲಿ ಕಳೆಯುವ ಲೆಕ್ಕವಿಲ್ಲ.
ಹತ್ತಿಸುವುದು, ಇಳಿಸುವುದು, ಅಷ್ಟೆ.’

ಇದೇ ಬಂದರಿನಿಂದ ನನ್ನ ಅಣ್ಣನೂ ಹೋದ,
ಬೇರೊಂದು ಹಡಗು,
ಜಪಾನಿನವರು ಕೊಟ್ಟ ಹೆಸರನ್ನು ಎದೆಗೆ ಹೊಲಿದುಕೊಂಡು,
ಲೇತೆಗೇ.
ಆ ಹಡಗಿನ ಹಾಳೆ ಎಲ್ಲೂ ಇಲ್ಲ.
ಅವನ ನಿಜವಾದ ಹೆಸರು ಬಲ್ಲವರು ಈಗ ಇಬ್ಬರೇ:
ನಾನು, ಮತ್ತು ಅವ್ವನ ಸಮಾಧಿಯ ಕಲ್ಲು.

ಮೂರನೆಯ ತಳದಲ್ಲಿ ಮಲಗುವ ಗೂಡುಗಳು,
ಹಬೆಯ ಬುಟ್ಟಿಗಳಂತೆ ಒಂದರ ಮೇಲೊಂದು ನಾಲ್ಕು.
ಮೇಲಿನವನ ಬೆನ್ನು ಕೆಳಗಿನವನ ಮೂಗಿಗೆ.
ಒಂದು ಕಂಬಿಯ ಮೇಲೆ ಮೊಳೆಯಲ್ಲಿ ಕೊರೆದ ಗೀಟುಗಳು, ಮೂವತ್ತೆಂಟು;
ಮೂವತ್ತೊಂಬತ್ತನೆಯದು ಅರ್ಧ.
ಪಕ್ಕದಲ್ಲಿ ಹೆಸರು. ಡೆಲ್ಮರ್ ಪ್ರೂಯಿಟ್.
ಖೋರನ ಬಾಯಲ್ಲಿ ಅದು ‘ತೆಮಾ’ ಆಯಿತು.
ನಾನೂ ಒಮ್ಮೆ ಅಂದೆ, ತೆಮಾ.
ಅವನು ಮೆಟ್ಟಿಲು ಹತ್ತಿ ಹೋದ ಮೇಲೆ
ಅಣ್ಣನ ಹೆಸರನ್ನೂ ಅಂದೆ, ಅಷ್ಟೇ ದನಿಯಲ್ಲಿ.

ಗೂಡುಗಳ ಕ್ಯಾನ್ವಾಸು ಹೆಂಗಸರ ಪಾಲು,
ಒಣಗಿದ್ದರೆ ಮಾತ್ರ ದುಡ್ಡು.
ಎರಡು ದಿನ ಬಿಸಿಲಿಗೆ ಹರವಿದೆ.
ಮಧ್ಯಾಹ್ನ ಸದ್ದು ಮಾಡುವಷ್ಟು ಗರಿಗರಿ;
ಸಂಜೆಯ ಗಾಳಿಗೆ ಮತ್ತೆ ತೇವ.
ಉಪ್ಪು ಹಿಡಿದಿದೆ, ತೂಕ ಸುಳ್ಳು ಹೇಳುತ್ತೆ ಎಂದು
ಯಜಮಾನ ಮುರಿದುಕೊಂಡೇ ಕೊಟ್ಟ.

ಕಡಲಿನ ಉಪ್ಪೋ, ಬೆನ್ನುಗಳದ್ದೋ?
ಯಾರೂ ಇಲ್ಲದಾಗ ನಾಲಿಗೆಯ ತುದಿಗೆ ತಗುಲಿಸಿ ನೋಡಿದೆ.
ತಿಳಿಯಲಿಲ್ಲ.