ಎಳೆಪಾಕ

ಬಲಗೈ ತಲೆಯಡಿಗೆ ಕೊಡಿ ಅಂದೆ.
ಮರಿಲಿಂಗಯ್ಯ ಮಲಗಿದರು,
ಆಲೆಮನೆಯ ಜಗಲಿಯಲ್ಲಿ ಮಧ್ಯಾಹ್ನ ಅಡ್ಡಾಗುವ ಹಾಗೆ.
ಅಂಗಿ ಸರಿಸಿದರೆ ಬೆಲ್ಲದ ಹೊಗೆಯ ವಾಸನೆ,
ಬಸರಾಳಿಂದ ಬಸ್ಸು ಹತ್ತಿ
ಮಂಡ್ಯದ ನೂರಡಿ ರಸ್ತೆಯ ಈ ತಣ್ಣನೆ ಕೋಣೆಗೆ
ಅವರ ಜೊತೆಯಲ್ಲೇ ಬಂದದ್ದು.

“ಲಿವರ್ರು ಅಂದ್ರೆ ಈಲಿ ತಾನೆ?
ಎಂಡ ಮುಟ್ಟಿದೋನಲ್ಲ ಕಣವ್ವ.
ಮೂವತ್ತೊರ್ಸ ಮುಟ್ಟಿದ್ದೆಲ್ಲ ಸಿಹಿಯೇ.”
ಡಾಕ್ಟರ ಚೀಟಿಯೂ ಅದನ್ನೇ ಹೇಳುತ್ತಿತ್ತು,
ಬೇರೆ ಅಕ್ಷರದಲ್ಲಿ.

ಪಕ್ಕೆಲುಬಿನ ಸಂದಿಗೆ ಜೆಲ್ಲು, ಅದರ ಮೇಲೆ ಪ್ರೋಬು.
ಟಕ್.
ಒಂದು ಅಲೆ ಒಳಗಿಳಿಯುತ್ತದೆ.
ಅದರ ಬೆನ್ನಿಗೆ ಯಾರಿಗೂ ಕೇಳಿಸದ ಸದ್ದು ಓಡಿ
ಎಷ್ಟು ಬಿರುಸಾಗಿ ಹೋಯಿತೆಂದು ವರದಿ ತರುತ್ತದೆ.
ಕೆಸರುಗದ್ದೆಯಲ್ಲಿ ಕಾಲು ನಿಧಾನ,
ಬದುವಿನ ಮೇಲೆ ಓಟ.
ಒಳಗೆ ಬದು ಬೆಳೆದಿದ್ದರೆ
ಅಲೆ ಓಡುತ್ತದೆ.

ಟಕ್. ಹತ್ತು ಸಲ ತಟ್ಟಬೇಕು.
“ಸಂತೇಲಿ ಹಲಸಿನಣ್ಣು ನೋಡ್ದಂಗೆ ನೋಡ್ತೀಯಲ್ಲವ್ವ!”
ನಗಬೇಡಿ, ಲೆಕ್ಕ ಕೆಡುತ್ತದೆ ಅಂದೆ.
ನಾನೂ ನಕ್ಕಿದ್ದೆ. ಆ ತಟ್ಟು ವ್ಯರ್ಥವಾಯಿತು.

ಉಸಿರು ಹಿಡಿ ಅಂದಾಗ ಹಿಡಿದು,
ಬಿಡು ಅಂದಾಗ ಮಾತು ಬಿಟ್ಟರು:
“ನಾವೂ ನೋಡ್ತೀವಿ. ಕೊಪ್ಪರಿಗೆಯಿಂದ
ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಹೆಬ್ಬೆಟ್ಟಲ್ಲಿ ಉರುಟಿ.
ಉಂಡೆ ಕಟ್ತೋ, ಇಳಿಸ್ಬೇಕು.
ಗಳಿಗೆ ತಪ್ತೋ, ಕಲ್ಲು.”
ಆ ಹೆಬ್ಬೆಟ್ಟಿಗೆ ಗೆರೆಗಳೇ ಇರಲಿಲ್ಲ.
ಕೆಳಗೆ ಆಧಾರ್ ಯಂತ್ರ ಮೂರು ಸಲ
ಇವರು ಇವರಲ್ಲ ಅಂದಿತ್ತಂತೆ.

ಒಂಬತ್ತು. ಹತ್ತು.
ತೆರೆಯ ಮೂಲೆಯಲ್ಲಿ ಅಂಕಿ ನಿಂತಿತು,
ಹದಿಮೂರು ಚಿಲ್ಲರೆ ಕಿಲೋಪ್ಯಾಸ್ಕಲ್.
ಪರದೆಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡೆ.
ತಿರುಗಿಸಿದ್ದು ಅವರಿಗೆ ಕಂಡಿತು.

“ಪಾಕ ಏರೈತಾ?”
ಡಾಕ್ಟರು ಹೇಳ್ತಾರೆ ಅಂದೆ,
ದಿನಕ್ಕೆ ನಲವತ್ತು ಸಲ ಹೇಳಿ ಹೇಳಿ
ಎಲ್ಲೂ ತಾಗದಷ್ಟು ನುಣುಪಾದ ಮಾತು.
“ಏರಿದ ಪಾಕ ಇಳಿಯಕ್ಕಿಲ್ಲ, ನಂಗೊತ್ತು.
ಇದು?”

ಕೆಲವರಲ್ಲಿ ಇಳಿಯುತ್ತದೆ.
ತೂಕ ಕರಗಿದರೆ, ಸಕ್ಕರೆ ಹಿಡಿತಕ್ಕೆ ಬಂದರೆ,
ವರ್ಷ ಬಿಟ್ಟು ಬಂದವರ ಅಂಕಿ ಇಳಿದದ್ದನ್ನು
ಇದೇ ಕುರ್ಚಿಯಲ್ಲಿ ಕೂತು ನೋಡಿದ್ದೇನೆ.
ಇಳಿಯದ್ದನ್ನೂ.
ಇದನ್ನು ಬಾಯಿಬಿಟ್ಟು ಅಂದೆನೋ
ಮನಸ್ಸಲ್ಲೇ ಅಂದುಕೊಂಡೆನೋ, ಈಗ ನೆನಪಿಲ್ಲ.

ಎದ್ದು ಕೂತವರು ಹೊಟ್ಟೆಯ ಮೇಲೆ ಉಳಿದ ಜೆಲ್ಲನ್ನು
ಎರಡು ಬೆರಳಿಗೆ ತೆಗೆದುಕೊಂಡರು,
ಅಭ್ಯಾಸಬಲ.
ಒತ್ತಿ ಬಿಡಿಸಿದರು. ಸಣ್ಣ ಎಳೆ ಬಂತು.
ತೆರೆಯ ಬೆಳಕಿಗೆ ಹಿಡಿದು ನೋಡಿದರು
ಒಂದು ಕಣ್ಣು ಮುಚ್ಚಿ.

“ಇನ್ನೂ ಎಳೆಪಾಕ” ಅಂದರು, ತಮಗೆ ತಾವೇ.
ಆಮೇಲೆ, ಇದನ್ನ ಎಲ್ಲಿ ಒರೆಸಲಿ ಅಂತ
ನನ್ನ ಮುಖ ನೋಡಿದರು.