ಹನ್ನೆರಡನೇ ರೊಟ್ಟಿ

ಬಡ್ತಿಯ ಅರ್ಜಿ. ಪುಟ ಏಳು, ಕಲಂ ನಾಲ್ಕು.
ಪ್ರಕಟವಾದ ಲೇಖನಗಳು: ಇಪ್ಪತ್ತೊಂಬತ್ತು.
ಉಲ್ಲೇಖಗಳು: ಆರುನೂರಾ ಹನ್ನೆರಡು.
ಎಚ್-ಇಂಡೆಕ್ಸ್: ಹನ್ನೊಂದು.
ಬಾಗಲಕೋಟೆ ನವನಗರದಲ್ಲಿ ಸಂಜೆ ಏಳಾದರೂ
ಗೋಡೆ ಇನ್ನೂ ಹಂಚಿನ ಹಾಗೆ ಕಾದಿದೆ.
ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ನಾನು, ಒಂದು ಫ್ಯಾನು,
ಬೀಗ ಹಾಕಲು ಕಾದು ನಿಂತ ರಾಜೇಸಾಬ.

"ಹನ್ನೊಂದು ಅಂದ್ರ ಏನ್ರಿ ಮೇಡಂ, ಪಾಸೋ ಫೇಲೋ?"

ಸಲೀಸಾಗಲೆಂದು ರೊಟ್ಟಿಯ ಲೆಕ್ಕ ಹೇಳಿದೆ:
ನಾ ಬಡಿದದ್ದು ಇಪ್ಪತ್ತೊಂಬತ್ತು,
ಅದರೊಳಗೆ ಹನ್ನೊಂದನ್ನು
ಒಂದೊಂದಕ್ಕೂ ಹನ್ನೊಂದು ಮಂದಿಯಾದರೂ
ಮುರಿದು ಉಂಡಿದ್ದಾರೆ. ಅಷ್ಟೇ.
ಬೀಗದಕೈ ಗೊಂಚಲು ತಿರುವುತ್ತ ಸ್ವಲ್ಪ ಹೊತ್ತು ನಿಂತ.
"ಹಂಗಾರ ಹನ್ನೆರಡನೇದ್ದು ಯಾರೂ ಉಣಲಿಲ್ಲೇನ್ರಿ?"

ಮೊದಲನೆಯದನ್ನು ಕೇಳಬಾರದಿತ್ತೇ, ಪುಣ್ಯಾತ್ಮ!
ನಾನೂರಾ ಹದಿನೇಳು ಮಂದಿ ಉಂಡದ್ದು.
ಅದರ ನೆತ್ತಿಯ ಮೇಲೆ ಹತ್ತೊಂಬತ್ತು ಹೆಸರು, ನನ್ನದು ಏಳನೆಯದು.
ನಾ ಮಾಡಿದ್ದಿಷ್ಟು: ಗುಳೇದಗುಡ್ಡದಲ್ಲಿ ಅರವತ್ತು ಮಂದಿಯ ರಕ್ತ ತೆಗೆದು
ಬರ್ಫದ ಡಬ್ಬಿಯಲ್ಲಿಟ್ಟು ಬೆಳಗಾವಿ ಬಸ್ಸು ಹತ್ತಿಸಿದ್ದು.
ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋದವನು ಇವನೇ.
ಯರಗಟ್ಟಿ ಹತ್ತಿರ ಬಸ್ಸಿನ ಪಾಟಾ ಮುರಿಯಿತು,
ಬರ್ಫ ನೀರಾಯಿತು, ಹನ್ನೊಂದು ಕೊಳವೆ ಕೆಟ್ಟವು.
ಮತ್ತೆ ಹೋದೆವು. ಹತ್ತು ಮಂದಿ ತೋಳು ಚಾಚಿದರು.
ಶಾಕವ್ವ ಚಿಂದಿ ಮಗ್ಗದಿಂದ ತಲೆ ಎತ್ತಲಿಲ್ಲ:
"ಕೇಳಿದಾಗೊಮ್ಮೆ ಸೇದಿ ಕೊಡಾಕ
ನನ್ನ ರಕ್ತ ಏನ್ ಬಾವಿ ನೀರೇನವ್ವಾ?"
ನಾನೂರಾ ಹದಿನೇಳು ಸಲ ಊರೂರು ತಿರುಗಿದ ಆ ಲೇಖನದಲ್ಲಿ
ಒಂದು ಚೌಕದೊಳಗೆ ಅವಳಿದ್ದಾಳೆ.
ಬಾಗಲಕೋಟೆ ಕೇಂದ್ರ, ಕೈಬಿಟ್ಟವರು: ೧.
ರಾಜೇಸಾಬ ಇಲ್ಲ. ಕೃತಜ್ಞತೆಯ ಸಾಲಿನಲ್ಲಿದ್ದ,
ಪದಮಿತಿ ಮೀರಿತೆಂದು ಸಾಲೇ ಹೋಯಿತು.

ಇನ್ನು ಹನ್ನೆರಡನೆಯದು.
ಅದು ಪೂರಾ ನನ್ನದು. ಎರಡು ಬೇಸಿಗೆ,
ನೂರಾ ಹದಿನೆಂಟು ಕುಣಿಮಗ್ಗ, ಒಂದು ಅಳತೆಪಟ್ಟಿ.
ಖಣದ ಮೇಲೊಂದು ಸೂಜಿಮಲ್ಲಿಗೆ ಅರಳುವಷ್ಟರಲ್ಲಿ
ಕುಣಿಯೊಳಗಿನ ಕಾಲು ಎಷ್ಟು ಸಲ ತುಳಿಯುತ್ತದೆ,
ಮೊಣಕಾಲು ಯಾವ ವಯಸ್ಸಿಗೆ ಮಾತಾಡತೊಡಗುತ್ತದೆ.
ಶಾಕವ್ವ ಇದಕ್ಕೆ ಮಾತ್ರ ಒಪ್ಪಿದಳು. ಕಾಲು ಹಿಡಿದು ಅಳೆಯುವಾಗ
"ಪಾದಕ್ಕ ಬಿದ್ದಂಗಾತು, ಏಳವ್ವಾ" ಅಂತ ನಕ್ಕಳು.
ಉಲ್ಲೇಖ: ಮೂರು.
ಎರಡು ನಾನೇ. ನನ್ನ ಮನೆಗೆ ನಾನೇ ಬೀಗತಿಯಾಗಿ ಹೋಗಿ
ನಾನೇ ಬಡಿಸಿಕೊಂಡು, ಛಲೋ ಆಗೇದ ಅಂದದ್ದು.

"ಮತ್ತ ಆ ಇನ್ನೊಬ್ಬಾಂವ?"
ಇಥಿಯೋಪಿಯಾ, ಅಂದೆ. ಆಫ್ರಿಕಾದಾಗ.
"ಅಲ್ಲೂ ಮಗ್ಗ ಅದಾವೇನ್ರಿ?"

ಗೊತ್ತಿಲ್ಲ.
ಆರು ವರ್ಷದಿಂದ ಆ ಮೂರು ಎಂಬ ಅಂಕಿಯನ್ನು
ಅರ್ಜಿಯಿಂದ ಅರ್ಜಿಗೆ ಹೊತ್ತಿದ್ದೇನೆ,
ಕದ ತಟ್ಟಿ, ಒಳಗೆ ಯಾರಪ್ಪಾ ಅಂತ ಕೇಳಿಲ್ಲ.

ತೆರೆದೆ. ನೆಟ್‌ವರ್ಕು ಕುಂಟುತ್ತ ಬಂತು.
ನನ್ನ ಇನಿಶಿಯಲ್ ತಪ್ಪಿದೆ. ಗುಳೇದಗುಡ್ಡ
ಸಮುದ್ರದ ದಂಡೆಗೆ ಹೋಗಿ ಕೂತಿದೆ. ಇರಲಿ.
ಮೂರನೇ ಪುಟದಲ್ಲಿ ಫೋಟೋ: ಮಣ್ಣಿನ ನೆಲ, ನೆಲದಲ್ಲಿ ಕುಣಿ,
ಕುಣಿಯೊಳಗೆ ಇಳಿಬಿಟ್ಟ ಒಬ್ಬ ಗಂಡಸಿನ ಕಾಲು,
ಮೊಣಕಾಲಿನ ಮೇಲೆ ಬಿಳಿ ಗೆರೆಯ ಕೋನ,
ನಾನು ಎಳೆದ ಹಾಗೆಯೇ.

ರಾಜೇಸಾಬ ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದ.
"ತುಳಿಯೋ ಹಲಗಿ ಎರಡ ಅದಾವ ನೋಡ್ರಿ" ಅಂದ. "ಕುಣಿ ಮಾತ್ರ ನಮ್ಮದ."

ಕಲಂ ಐದು, ಪ್ರಭಾವ, ಐವತ್ತು ಪದ ಮೀರದಂತೆ.
ನಾಳೆ ಬರೀತೀನಿ, ಬೀಗ ಹಾಕು ಅಂದೆ.
ಹಾಕಲಿಲ್ಲ.
"ಆ ಮನಿಶ್ಯಾಗ ದಿನಕ್ಕ ಎಷ್ಟ ಕೂಲಿ ಬೀಳತೈತಿ,
ಬರದಾರೇನ್ರಿ ಅದರಾಗ?"

ಹತ್ತು ಪುಟ ಹುಡುಕಿದೆ. ಇರಲಿಲ್ಲ.
ನನ್ನದರಲ್ಲೂ.