ಅರ್ಥ ಹಚ್ಚೂದು

ಲೈಟ್ ಹತ್ತವಲ್ಲದು, ಅಂತ ಬರದಿತ್ತು ಚೀಟಿಯಾಗ.
ಸದ್ದು ಬರವಲ್ಲದು ಅಂತಲ್ಲ.
ನಾ ಅದನ್ನ ಎರಡು ಸಲ ಓದಿ ಡಿಕ್ಕಿ ಎತ್ತಿದೆ.
ಸ್ವಾನ್ಸೀ, ನವೆಂಬರ್, ನಾಕೂವರಿಗೇ ಕತ್ತಲಿ;
ಸಮುದ್ರದ ಉಪ್ಪುಗಾಳಿ ಶಟರಿನ ಕೆಳಗಿಂದ
ನಾಯಿಹಂಗ ಮೂಸಿಕೊಂತ ಒಳಗ ಬಂದಿತ್ತು.

ಕೆರಿಸ್ ಅಂತ ಹೆಸರು. ಹುಟ್ಟಿನಿಂದ ಕಿವಿ ಇಲ್ಲ.
ತುಟಿ ಓದತಾಳ, ತನ್ನೂರಿನ ತುಟಿ.
ನನ್ನ ಇಂಗ್ಲಿಷಿನ ತುಟಿ ಹುಬ್ಬಳ್ಳೀದು,
ಆಕಿಗೆ ಅದು ಹೊಸಾ ಲಿಪಿ.
ಅದಕ್ಕ ಬಿಲ್ಲಿನ ಹಾಳಿ ಹಿಂದ ಬರಕೊಂತ ಮಾತು.

ಹಳೇ ಕೋರ್ಸಾ. ಹಿಂದಿನ ಸೀಟು ಕಿತ್ತು
ಜ್ವಾಳದ ಚೀಲದಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗಿ.
ಅದರ ಮಗ್ಗಲಕ ಆಂಪ್ಲಿಫೈಯರ್,
ಒಲಿ ಆರಿದ ಮ್ಯಾಲಿನ ಹಂಚಿನಂಗ ತಣ್ಣಗ.

ಕೇಳೂದಿಲ್ಲಂದ್ರ ಇದು ಯಾಕ ಅಂತ ನಾ ಕೇಳಲಿಲ್ಲ.
ಕೇಳೂದು ಮಾರಿಮ್ಯಾಲೆ ಬಂದಿರಬೇಕು.
ಆಕಿ ತನ್ನ ಬೆನ್ನು ತೋರಿಸಿದಳು,
ಎರಡು ಹೆಗಲಿನ ನಡುವಿನ ಎಲುವು,
ಆಮ್ಯಾಲೆ ತೊಡಿ, ಆಮ್ಯಾಲೆ ಸ್ಟೇರಿಂಗ್ ಹಿಡಿಯೋ ಅಂಗೈ.
ಬರದಳು: ಇಲ್ಲಿ.

ಫ್ಯೂಸಿನಿಂದ ಸುರು. ಬ್ಯಾಟರಿ ಹತ್ತಿರದ್ದು ನೆಟ್ಟಗೈತಿ.
ಮೀಟರ್ ಹಚ್ಚಿದೆ, ಕುಂಯ್ ಅಂತು.
ಆಕಿ ನನ್ನ ಮಾರಿ ನೋಡಿದಳು, ನಾ ಹೆಬ್ಬಟ್ಟೆತ್ತಿದೆ.
ಒಂದು ಕುಂಯ್‌ಗೆ ಒಂದು ಹೆಬ್ಬಟ್ಟು ಅಂತ
ಆವಾಗಿಂದ ಕರಾರಾತು.

ಕೆಂಪು ದಪ್ಪ ತಂತಿ: ಹನ್ನೆರಡೂವರಿ ವೋಲ್ಟ್.
ನೀಲಿ ಸಣ್ಣ ತಂತಿ, ಏಳು ಅನ್ನೂದಷ್ಟ ಇದರ ಕೆಲಸ,
ಹೊರೂದಿಲ್ಲ, ಎಳಿಯೂದಿಲ್ಲ, ಬರೇ ಎಬ್ಬಸೂದು,
ಅದರಾಗೂ ಹನ್ನೆರಡು.
ರೇಡಿಯೋ ಹಚ್ಚಿದರ ಬರತೈತಿ, ಆರಿಸಿದರ ಹೋಗತೈತಿ.
ಅಂದ್ರ ಊಟಾನೂ ಐತಿ, ಕರಿಯವರೂ ಅದಾರ,
ಇದು ಮಾತ್ರ ಏಳವಲ್ಲದು.

ಒಂದು ತಾಸು ಹಿಂಗ ಹೋತು.
ಸತ್ತೈತಿ ಅಂತ ಬರಿಯಾಕ ಪೆನ್ನೆತ್ತಿದ್ದೆ,
ಹೊಸಾದರ ರೇಟೂ ಬರಿಯಾಂವ.
ಆಕಿ ಮೀಟರಿನ ಕರೇ ಸೂಜಿ ಕಡೆ ಬೊಟ್ಟು ಮಾಡಿದಳು.
ಇಷ್ಟೊತ್ತು ಅದನ್ನ ನಾ ಚುಚ್ಚಿದ್ದು
ಸೀಟಿನ ಬೋಲ್ಟಿಗೆ, ಬಾಗಿಲ ಕಬ್ಬಣಕ್ಕ, ಕೈಗೆ ಸಿಕ್ಕಲ್ಲಿ.
ಆಂಪ್ಲಿಫೈಯರಿನ ಸ್ವಂತ ಕರೇ ತಂತಿಗೆ
ಒಮ್ಮೆನೂ ಇಲ್ಲ.

ಅಲ್ಲಿಟ್ಟೆ. ಹನ್ನೆರಡು ಇದ್ದದ್ದು ಮೂರಾತು, ಸೊನ್ನಿ ಆತು,
ಒಂದೂವರಿಗೆ ಬಂದು ಕುಡದವರಗತೆ ತೂರಾಡತು.

ಕಾರವಾರ ರೋಡಿನ ಗ್ಯಾರೇಜಿನ್ಯಾಗ ಖಾಜೇಸಾಬ್ ಮಿಸ್ತ್ರಿ
ಪಾನಾದಿಂದ ನನ್ನ ಮಣಕಾಲಿಗೆ ಬಡದು ಹೇಳಾಂವ.
ಅರ್ಥ್ ಅನ್ನಾಕ ಬಾಯಿ ಹೊರಳತಿದ್ದಿಲ್ಲ ಅವಗ,
ಅರ್ಥ ಅಂತಿದ್ದ:
ಮೊದಲ ಅರ್ಥ ನೋಡಲೇ, ಆಮ್ಯಾಲೆ ಕರೆಂಟು ಹುಡುಕು.
ಅರ್ಥ ಹಚ್ಚಿಲ್ಲಂದ್ರ
ಬಂದ ಕರೆಂಟು ಎಲ್ಲಿಗೆ ಹೋಗಬೇಕು?
ಇಪ್ಪತ್ತೆರಡು ವರ್ಷದ ಹಿಂದಿನ ಪೆಟ್ಟು
ಇವತ್ತ ಚುರ್ ಅಂತು.

ಫ್ಯೂಸ್ ತಗದಿಟ್ಟು ಬೋಲ್ಟ್ ಬಿಚ್ಚಿದರ
ಕೆಳಗ ಬೆಳ್ಳಿಬಣ್ಣ, ನುಣ್ಣಗ, ಹೊಸಾ ಗಾಡಿಹಂಗ.
ಯಾರೋ ಬಣ್ಣದ ಮ್ಯಾಲೇನ ಬಿಗದು ಹೋಗ್ಯಾರ.
ಅಂಚಿಗೆ ಉಪ್ಪು ತಿಂದ ತುಕ್ಕಿನ ಉಂಗುರ.
ಉಗುರಿನಷ್ಟು ತೆಳ್ಳನ ಬಣ್ಣ;
ಅದರಾಚೆ ಇಡೀ ಗಾಡಿಯ ಕಬ್ಬಣ ಕಾಯಕೊಂತ ಕೂತಿತ್ತು.

ಉಸುಕಿನ ಕಾಗದ ಆಕೀನ ಇಸಗೊಂಡಳು.
ಹಲ್ಲು ಕಚ್ಚಿ ತಿಕ್ಕಿದಳು, ಹೊಳಪು ಬರೂತನಕ.
ನಾ ಸಾಕು ಅಂದದ್ದು ನೋಡಲೇ ಇಲ್ಲ, ಬೇಕಂತ.

ಬಿಗದು, ಫ್ಯೂಸ್ ಹಾಕಿ, ಕೀಲಿ ತಿರುವಿದರ
ಹಸರು. ಹೆಸರುಕಾಳಿನಷ್ಟು ಹಸರು.
ಧಬ್ ಅಂತ ಒಂದು ಸದ್ದು,
ಬಾವಿಗೆ ಕೊಡ ಬಿದ್ದಂಗ.

ಆಕಿ ಪೆಟ್ಟಿಗಿಗೆ ಬೆನ್ನು ಕೊಟ್ಟು ಕೂತಳು, ಕಣ್ಣು ಮುಚ್ಚಲಿಲ್ಲ.
ನಂಬರ್ ಪ್ಲೇಟ್ ಗಡಗಡ, ಶಟರ್ ಗಡಗಡ,
ಚಹಾದ ಮಗ್ಗಿನ್ಯಾಗ ಬಳಿ ಬಳಿ ಎದ್ದವು.
ಮೀನಿನಂಗಡಿ ಗ್ವಿನ್ ಬಂದು ಬೈದಿರಬೇಕು,
ಬಾಯಿ ಅಲ್ಲಾಡೂದು ಕಾಣತಿತ್ತು,
ಒಂದಕ್ಷರ ನಂಗ ಕೇಳಲಿಲ್ಲ.

ನನ್ನ ಹಿಂದ, ಬೆಂಚಿನ ಮ್ಯಾಲೆ, ಹದಿಮೂರರ ಪಾನಾ
ನಡುಗಿಕೊಂತ ತಾನ ನಡದು
ಅಂಚಿಗೆ ಬಂದಿತ್ತಂತ.
ಬೀಳೂದರಾಗ ಆಕಿ ಹಾರಿ ಹಿಡದಳು.